ಮೂರು ನಿಮಿಷದ ನೀಲಿ ಸರೋವರ

ಚಿತ್ರಮಂದಿರದ ದೀಪಗಳು ಆರಿ, ತೆರೆಯ ಮೇಲೆ ನೀಲಿ ಸರೋವರವೊಂದು ಮೂಡಿದಾಗ ಪ್ರೇಕ್ಷಕರಲ್ಲಿ ಒಂದು ಕ್ಷಣ ಸದ್ದಡಗುವುದುಂಟು. ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟಗಳು, ಅವುಗಳ ನಡುವೆ ನವಿಲುಗೊರಳ ಬಣ್ಣದ ನೀರು, ಮೇಲೆ ಕಪ್ಪಿಗೆ ತಿರುಗಿದಂಥ ಕಡುನೀಲಿಯ ಆಕಾಶ. ದಡದಲ್ಲಿ ನಾಯಕಿಯ ಸೆರಗು ಗಾಳಿಗೆ ಹಾರುತ್ತಿರುತ್ತದೆ. ಮೂರು ನಿಮಿಷಗಳಲ್ಲಿ ಹಾಡು ಮುಗಿಯುತ್ತದೆ. ನೋಡಿದವರು ಮನೆಗೆ ಮರಳಿ ಊಟ ಮಾಡಿ ಮಲಗುತ್ತಾರೆ. ಆ ಸೆರಗು ಅಲ್ಲಿಯವರೆಗೆ ಹೋಗಿ ಹಾರಬೇಕಾದರೆ ಯಾರು ಎಷ್ಟು ತಿಂಗಳು ಲೆಕ್ಕ ಹಾಕಿದರು, ಚೌಕಟ್ಟಿನ ಆಚೆ ಆಮ್ಲಜನಕದ ಸಿಲಿಂಡರನ್ನು ಹಿಡಿದುಕೊಂಡು ನಿಂತವರು ಯಾರು ಎಂಬುದು ಮಾತ್ರ ತೆರೆಯ ಮೇಲೆ ಕಾಣಬರುವುದಿಲ್ಲ.

ಆ ಸರೋವರದ ಹೆಸರು ಪಾಂಗಾಂಗ್ ತ್ಸೋ. ಲಡಾಖಿನ ಜನರ ಮಾತಿನಲ್ಲಿ ತ್ಸೋ ಎಂದರೆ ಸರೋವರ. ಸಮುದ್ರಮಟ್ಟದಿಂದ ಸುಮಾರು ೧೪,೦೦೦ ಅಡಿ ಎತ್ತರದಲ್ಲಿ, ೧೩೦ ಕಿಲೋಮೀಟರಿಗೂ ಮಿಕ್ಕ ಉದ್ದಕ್ಕೆ ಅದು ಮಲಗಿದೆ. ಅಗಲವಾದರೋ ಹೆಚ್ಚೆಂದರೆ ಐದು ಕಿಲೋಮೀಟರು. ಅದರ ಸುಮಾರು ಮೂರನೆಯ ಒಂದು ಭಾಗ ಭಾರತದ ಕಡೆಗೂ, ಉಳಿದುದು ಚೀನದ ವಶದಲ್ಲಿರುವ ಟಿಬೆಟ್ಟಿನ ಕಡೆಗೂ ಇದೆ. ನೀರು ಉಪ್ಪು, ಆದರೂ ಚಳಿಗಾಲದಲ್ಲಿ ಸರೋವರವೆಲ್ಲ ಹಾಸುಗಲ್ಲಿನಂತೆ ಹೆಪ್ಪುಗಟ್ಟುತ್ತದೆ.

ಈ ನಾಡಿಗೆ ಭಾರವಾದ ಯಂತ್ರಗಳನ್ನು ಮೊದಲು ಹೊತ್ತು ತಂದವರು ಚಿತ್ರಗಾರರಲ್ಲ, ಸೈನಿಕರು. ೧೯೪೮ರ ಮೇ ೨೪ರಂದು ಏರ್ ಕಮಡೋರ್ ಮೆಹರ್ ಸಿಂಗ್ ಡಕೋಟ ವಿಮಾನವೊಂದನ್ನು ಲೇಹ್ ಪಟ್ಟಣದ ಬಳಿಯ ಮರಳುಹಾಸಿನ ಮೇಲೆ ಇಳಿಸಿದರು. ಅವರೊಡನೆ ಆ ವಿಮಾನದಲ್ಲಿ ಕುಳಿತು ಬಂದವರು ನಮ್ಮ ಕೊಡಗಿನ ವೀರ ಕೆ. ಎಸ್. ತಿಮ್ಮಯ್ಯನವರು. ಅಲ್ಲಿ ವಿಮಾನ ಇಳಿಯುವಷ್ಟು ನೆಲವನ್ನು ಸಮಮಾಡಿ ಸಿದ್ಧಗೊಳಿಸಿದವರು ಸೋನಮ್ ನೊರ್ಬು ಎಂಬ ಲಡಾಖಿನ ಇಂಜಿನಿಯರರು. ಅದೇ ವರ್ಷದ ನವೆಂಬರ್ ಒಂದರಂದು, ೧೧,೫೦೦ ಅಡಿ ಎತ್ತರದ ಜೋಜಿ ಲಾ ಕಣಿವೆಗೆ ತಿಮ್ಮಯ್ಯನವರು ಟ್ಯಾಂಕುಗಳನ್ನೇ ಹತ್ತಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕು ಬರಲಾರದೆಂಬ ಎದುರಾಳಿಗಳ ನಂಬಿಕೆ ಅಂದಿಗೆ ಮುರಿಯಿತು. ದಾರಿಯನ್ನು, ಹವೆಯನ್ನು, ಭಾರವನ್ನು ಮೊದಲೇ ಅಳೆದು ತೂಗಿ ಹೊರಡಬೇಕೆಂಬ ಪಾಠವನ್ನು ಲಡಾಖ್ ಹೀಗೆ ಯುದ್ಧದ ಕಾಲದಲ್ಲಿಯೇ ಕಲಿಸಿತ್ತು.

ಚಲನಚಿತ್ರದವರು ಬಂದುದು ಆಮೇಲೆ. ೧೯೬೨ರ ಯುದ್ಧವನ್ನು ಕುರಿತು ಚೇತನ್ ಆನಂದ್ ತೆಗೆದ ‘ಹಕೀಕತ್’ ೧೯೬೪ರಲ್ಲಿ ತೆರೆಗೆ ಬಂದಿತು. ಲಡಾಖಿನ ಬೋಳುಬೆಟ್ಟಗಳನ್ನು ದೇಶದ ಜನ ಕಪ್ಪುಬಿಳುಪಿನಲ್ಲಿ ಕಂಡುದು ಆ ಚಿತ್ರದಿಂದ. ೧೯೯೮ರಲ್ಲಿ ಮಣಿರತ್ನಂ ಅವರ ‘ದಿಲ್ ಸೆ’ ಚಿತ್ರದ ಹಾಡೊಂದು ಈ ಬೆಟ್ಟಗಳಿಗೆ ಬಣ್ಣ ತಂದಿತು. ೨೦೦೯ರ ‘ತ್ರೀ ಈಡಿಯಟ್ಸ್’ ಚಿತ್ರದ ಕೊನೆಯ ದೃಶ್ಯ ಪಾಂಗಾಂಗ್ ದಡದಲ್ಲಿ ನಡೆದ ಮೇಲಂತೂ ಸರೋವರಕ್ಕೆ ಮರೆಯೆಂಬುದೇ ಉಳಿಯಲಿಲ್ಲ. ಮೋಟಾರು ವಾಹನ, ಉಣ್ಣೆಯ ಉಡುಪು, ಮದುವೆಯ ಮುನ್ನಿನ ಛಾಯಾಚಿತ್ರ, ಹೀಗೆ ಏನೇನನ್ನೋ ಮಾರುವವರೂ ತೋರಿಸುವವರೂ ಪ್ರತಿ ಬೇಸಗೆಯಲ್ಲಿಯೂ ಆ ದಾರಿಯನ್ನು ಹಿಡಿಯುತ್ತಾರೆ.

ಮುಂಬಯಿಯ ಅಥವಾ ಬೆಂಗಳೂರಿನ ಕಚೇರಿಯೊಂದರಲ್ಲಿ ಕುಳಿತು ಇಂಥ ಪ್ರಯಾಣವನ್ನು ಗೊತ್ತುಮಾಡುವ ವ್ಯವಸ್ಥಾಪಕನ ಮುಂದೆ ಮೊದಲು ಹರಡಬೇಕಾದುದು ಪಂಚಾಂಗ. ಶ್ರೀನಗರದಿಂದ ಜೋಜಿ ಲಾ ಮೂಲಕ ಬರುವ ದಾರಿಯೂ, ಮನಾಲಿಯಿಂದ ಬರುವ ದಾರಿಯೂ ಚಳಿಗಾಲದ ಹಿಮಕ್ಕೆ ಸಿಕ್ಕುವಂಥವು. ೨೦೨೦ರ ಅಕ್ಟೋಬರಿನಲ್ಲಿ ತೆರೆದ ಒಂಬತ್ತು ಕಿಲೋಮೀಟರುಗಳ ಅಟಲ್ ಸುರಂಗ ರೋಹತಾಂಗಿನ ಕಷ್ಟವನ್ನು ನೀಗಿತು. ಆದರೆ ಅದರಾಚೆ ೧೬,೦೦೦ ಅಡಿಯ ಬಾರಾಲಾಚಾ, ೧೭,೦೦೦ ಅಡಿಗೂ ಮೇಲಿನ ತಂಗ್ಲಂಗ್ ಲಾ ಕಣಿವೆಗಳು ಹಾಗೆಯೇ ಇವೆ. ಲೇಹ್ ವಿಮಾನನಿಲ್ದಾಣಕ್ಕೆ ವಿಮಾನಗಳು ಸಾಮಾನ್ಯವಾಗಿ ಬೆಳಗಿನ ಹೊತ್ತಿನಲ್ಲಿಯೇ ಬಂದು ಹೋಗುತ್ತವೆ, ಏಕೆಂದರೆ ಮಧ್ಯಾಹ್ನಕ್ಕೆ ಬೆಟ್ಟದ ಗಾಳಿ ಎದ್ದು ನಿಲ್ಲುತ್ತದೆ. ಮೋಡ ಕವಿದರೆ ಆ ದಿನದ ಹಾರಾಟವೇ ಇಲ್ಲ. ಆದುದರಿಂದ ಬಲ್ಲವನು ನಟರು ಬರುವ ದಿನವನ್ನೂ ಚಿತ್ರೀಕರಣದ ಮೊದಲ ದಿನವನ್ನೂ ಒಂದಕ್ಕೊಂದು ಅಂಟಿಸಿ ಬರೆಯುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗಿನ ಕಾಲವೇ ಕೆಲಸಕ್ಕೆ ಒದಗುವ ಕಾಲ. ಅದನ್ನೂ ಪೂರ್ತಿ ನಂಬುವಂತಿಲ್ಲ. ವರ್ಷಕ್ಕೆಲ್ಲ ನಾಲ್ಕು ಅಂಗುಲದಷ್ಟೇ ಮಳೆ ಬೀಳುವ ಲೇಹ್‌ನಲ್ಲಿ, ೨೦೧೦ರ ಆಗಸ್ಟ್ ಐದರ ರಾತ್ರಿ ಸುರಿದ ಮೇಘಸ್ಫೋಟ ಮನೆಗಳನ್ನೂ ಮನುಷ್ಯರನ್ನೂ ಕೆಸರಿನಲ್ಲಿ ಕೊಚ್ಚಿಕೊಂಡು ಹೋಯಿತು.

ಪಂಚಾಂಗದ ತರುವಾಯ ಶರೀರದ ಲೆಕ್ಕ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಒಂದೇ. ಎತ್ತರಕ್ಕೆ ಹೋದಂತೆ ಗಾಳಿಯೇ ತೆಳುವಾಗುತ್ತದೆ. ಲೇಹ್‌ನಲ್ಲಿ ಒಂದು ಉಸಿರಿಗೆ ದೊರೆಯುವುದು ಕಡಲತೀರದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲು. ಪಾಂಗಾಂಗ್ ದಡದಲ್ಲಿ ಅದಕ್ಕೂ ಕಡಮೆ. ವಿಮಾನದಲ್ಲಿ ಬಂದವನು ಬಯಲುಸೀಮೆಯ ಶರೀರವನ್ನು ಒಂದೇ ಬೆಳಗಿನಲ್ಲಿ ಅಲ್ಲಿ ತಂದಿಳಿಸಿರುತ್ತಾನೆ. ಮೊದಲ ದಿನ ಅವನಿಗೆ ಏನೂ ಆಗಿಲ್ಲವೆನ್ನಿಸುತ್ತದೆ. ರಾತ್ರಿಗೆ ತಲೆನೋವು, ಓಕರಿಕೆ, ನಿದ್ದೆಗೇಡು. ಬಹುಮಂದಿಗೆ ಅದು ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಕೆಲವರಿಗೆ ಮಾತ್ರ ಅದು ಶ್ವಾಸಕೋಶದಲ್ಲಿ ನೀರು ತುಂಬುವುದಕ್ಕೋ, ಮೆದುಳು ಬಾತುಕೊಳ್ಳುವುದಕ್ಕೋ ತಿರುಗಿಕೊಳ್ಳುತ್ತದೆ. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ನೇರವಾಗಿ ನಡೆಯಲಾರದೆ ಹೆಜ್ಜೆ ತಪ್ಪಿದರೆ ತಡಮಾಡುವಂತಿಲ್ಲ. ಆಮ್ಲಜನಕವನ್ನು ಕೊಟ್ಟು, ಕೂಡಲೇ ತಗ್ಗಿಗೆ ಇಳಿಸಬೇಕು.

ಪಾಂಗಾಂಗಿನ ನಿಜವಾದ ಇಕ್ಕಟ್ಟು ಇರುವುದು ಇಲ್ಲಿಯೇ. ಲೇಹ್‌ನಿಂದ ಸರೋವರಕ್ಕೆ ಹೋಗುವ ರೂಢಿಯ ದಾರಿ ೧೭,೫೦೦ ಅಡಿಗೂ ಮೇಲಾದ ಚಾಂಗ್ ಲಾ ಕಣಿವೆಯನ್ನು ಹತ್ತಿ ಇಳಿಯುತ್ತದೆ. ದಡದಲ್ಲಿ ಒಬ್ಬನಿಗೆ ಕಾಯಿಲೆಯಾದರೆ ಅವನನ್ನು ಲೇಹ್ ಆಸ್ಪತ್ರೆಗೆ ಇಳಿಸಬೇಕು. ಇಳಿಸಬೇಕಾದರೆ ಮೊದಲು ಮೂರೂವರೆ ಸಾವಿರ ಅಡಿ ಹತ್ತಿಸಬೇಕು! ಉಸಿರಿಲ್ಲದವನನ್ನು ಉಸಿರೇ ಇಲ್ಲದೆಡೆಗೆ ಕರೆದೊಯ್ದು ಆಮೇಲೆ ಬದುಕಿಸಬೇಕಾದ ವಿಚಿತ್ರ ದಾರಿಯದು. ಅದಕ್ಕಾಗಿಯೇ ಅನುಭವಸ್ಥರು ಲೇಹ್‌ನಲ್ಲಿ ಎರಡು ಮೂರು ದಿನ ತಂಡವನ್ನು ಸುಮ್ಮನೆ ಕೂರಿಸುತ್ತಾರೆ. ಅನಂತರವೂ ಸರೋವರದ ದಡದಲ್ಲಿ ಬೀಡುಬಿಡುವ ಬದಲು, ಅದಕ್ಕಿಂತ ತಗ್ಗಿನಲ್ಲಿರುವ ತಾಂಗ್ತ್ಸೆ ಗ್ರಾಮದಲ್ಲಿ ಮಲಗಿ, ಹಗಲು ಮಾತ್ರ ದಡಕ್ಕೆ ಹೋಗಿ ಬರುವಂತೆ ಏರ್ಪಡಿಸುತ್ತಾರೆ. ಪ್ರತಿಯೊಬ್ಬನ ಬೆರಳಿಗೂ ಬೆಳಿಗ್ಗೆ ಸಂಜೆ ಪುಟ್ಟ ಯಂತ್ರವನ್ನು ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುತ್ತಾರೆ. ಒಂದು ಮೋಟಾರು ಆಮ್ಲಜನಕದೊಡನೆ, ಚಾಲಕನೊಡನೆ, ಮೂತಿ ಲೇಹ್ ಕಡೆಗೆ ತಿರುಗಿಸಿಕೊಂಡು ಹಗಲಿರುಳೂ ಸಿದ್ಧವಾಗಿರಬೇಕು. ಆ ಮೋಟಾರಿನಲ್ಲಿ ದೀಪದ ಕಂಬಗಳನ್ನು ತುಂಬುವ ಆಸೆ ಯಾರಿಗೂ ಬರಕೂಡದು.

ಇಂಥ ಕೂಡಾವಳಿಯಲ್ಲಿ ತಲೆನೋವನ್ನು ಮುಚ್ಚಿಡುವವನು ಯಾರು? ನಾಯಕನಂತೂ ಅಲ್ಲ. ಅವನಿಗೆ ಸೀನು ಬಂದರೂ ನಾಲ್ವರು ಓಡಿಬರುತ್ತಾರೆ. ಮುಚ್ಚಿಡುವವನು ದೀಪ ಹೊರುವ ಹುಡುಗ, ದಿನಗೂಲಿಯವನು. ಮಲಗಿದರೆ ಕೂಲಿ ಕಡಿದೀತು, ಮುಂದಿನ ಚಿತ್ರಕ್ಕೆ ಕರೆಯದೆ ಹೋದಾರು ಎಂಬ ಭಯ ಅವನದು. ಮುಂಬಯಿಯ ಬಾಡಿಗೆ, ಊರಿನಲ್ಲಿರುವ ತಾಯಿಗೆ ಕಳುಹಬೇಕಾದ ಹಣ, ಇವುಗಳ ಮುಂದೆ ತಲೆನೋವು ಅವನಿಗೆ ಸಣ್ಣದಾಗಿ ತೋರುತ್ತದೆ. ಆದುದರಿಂದ ಎತ್ತರದ ಚಿತ್ರೀಕರಣಕ್ಕೆ ಬರೆದ ಆಯವ್ಯಯ ಪತ್ರದಲ್ಲಿ ಬಹು ಮುಖ್ಯವಾದ ಸಾಲು ಕ್ಯಾಮೆರಾದ ಬಾಡಿಗೆಯದಲ್ಲ. ಕಾಯಿಲೆ ಬಿದ್ದವನಿಗೂ ಪೂರ್ತಿ ಕೂಲಿ ಎಂಬ ಸಾಲು. ಅದನ್ನು ಹೊರಡುವ ಮೊದಲೇ ಎಲ್ಲರಿಗೂ ಕೇಳುವಂತೆ ಓದಿ ಹೇಳಿದ ತಂಡದಲ್ಲಿ ಹುಡುಗರು ಬಾಯಿಬಿಟ್ಟು ನೋವು ಹೇಳಿಕೊಳ್ಳುತ್ತಾರೆ. ಓದದ ತಂಡದಲ್ಲಿ ನಡುರಾತ್ರಿ ಒಬ್ಬನ ಗುಳುಗುಳು ಉಸಿರಿನ ಸದ್ದಿಗೆ ಪಕ್ಕದವನು ಎಚ್ಚರಗೊಳ್ಳುತ್ತಾನೆ.

ಮನುಷ್ಯರಂತೆ ಯಂತ್ರಗಳಿಗೂ ಎತ್ತರದ ಬೇನೆಯುಂಟು. ಸಾಮಾನ್ಯ ಡೀಸೆಲ್ ಜನರೇಟರು ಸಾವಿರ ಅಡಿ ಏರಿದಂತೆಲ್ಲ ನೂರಕ್ಕೆ ಸುಮಾರು ಮೂರರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸರೋವರವನ್ನು ಮುಟ್ಟುವ ವೇಳೆಗೆ ಮೂರನೆಯ ಒಂದು ಪಾಲಿಗೂ ಮಿಗಿಲಾಗಿ ಸೊರಗಿರುತ್ತದೆ. ಪಟ್ಟಣದ ಲೆಕ್ಕದಲ್ಲಿ ತಂದ ಜನರೇಟರು ಅಲ್ಲಿ ಅರ್ಧ ದೀಪಗಳನ್ನು ಹೊತ್ತಿಸಿ ಕೆಮ್ಮತೊಡಗುತ್ತದೆ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕುಗಳಲ್ಲಿ ಓದುವ ಮುಳ್ಳು ತೆಳ್ಳನೆಯ ಗಾಳಿಯ ಹಾಸಿನ ಮೇಲೆ ತೇಲುತ್ತಿರುತ್ತದೆ. ಗಾಳಿ ತೆಳುವಾದಲ್ಲಿ ಆ ಹಾಸೂ ತೆಳುವಾಗಿ ಮುಳ್ಳು ತಟ್ಟೆಗೆ ತಾಗಬಹುದು. ಅಂಥವನ್ನು ಸಾಮಾನ್ಯವಾಗಿ ತಯಾರಿಸುವುದೇ ಹತ್ತು ಸಾವಿರ ಅಡಿಯವರೆಗಿನ ಕೆಲಸಕ್ಕೆ. ಆದುದರಿಂದ ದಿನವಿಡೀ ತೆಗೆದ ಚಿತ್ರಗಳನ್ನು ತಿರುಗುವ ಭಾಗಗಳಿಲ್ಲದ ಡಿಸ್ಕುಗಳಲ್ಲಿ ಎರಡು ಪ್ರತಿ ಮಾಡಿಡುವುದು ಲೇಸು. ಬ್ಯಾಟರಿಗಳು ಚಳಿಗೆ ಮುದುಡುತ್ತವೆ. ಅವನ್ನು ಅಂಗಿಯ ಒಳಜೇಬಿನಲ್ಲಿ ಮೈಶಾಖದಲ್ಲಿ ಕಾಪಾಡುತ್ತಾರೆ. ಹೊರಗಿನ ಚಳಿಯಿಂದ ಬೆಚ್ಚನೆಯ ಡೇರೆಯೊಳಕ್ಕೆ ಕ್ಯಾಮೆರಾವನ್ನು ನೇರವಾಗಿ ತಂದರೆ ಮಸೂರದ ಮೇಲೆ ಬೆವರೊಡೆಯುತ್ತದೆ. ಹೊರಗಿರುವಾಗಲೇ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಒಳಗೆ ತಂದು, ಮೆಲ್ಲಗೆ ಬಿಸಿಯಾಗಲು ಬಿಡಬೇಕು.

ಬೆಳಕಿನ ಸ್ವಭಾವವೂ ಅಲ್ಲಿ ಬೇರೆ. ಧೂಳೂ ತೇವವೂ ಇಲ್ಲದ ಗಾಳಿಯಲ್ಲಿ ಬಿಸಿಲು ಸೋಸದೆ ಬೀಳುತ್ತದೆ. ಬಿಸಿಲಿಗೆ ಒಡ್ಡಿದ ಕೆನ್ನೆ ಬೆಂದರೆ, ನೆರಳಿನಲ್ಲಿದ್ದ ಕೈ ಜೋಮುಹಿಡಿಯುತ್ತದೆ. ಬಿಳಿಯ ಹಿಮವನ್ನು ಕಂಡು ಬೆಳಕಿನ ಮಾಪಕ ಮೋಸಹೋಗುತ್ತದೆ. ಅದು ತೋರಿಸಿದಂತೆಯೇ ತೆಗೆದರೆ ಹಿಮ ಬೂದಿಬಣ್ಣಕ್ಕೆ ಇಳಿದಿರುತ್ತದೆ. ಒಂದೆರಡು ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು. ಬೆಟ್ಟಗಳು ನೀರಿನಲ್ಲಿ ಕನ್ನಡಿಯಲ್ಲಿ ಕಂಡಂತೆ ಕಾಣಬೇಕಾದರೆ ಮುಂಜಾವಿನಲ್ಲಿಯೇ ಸಿದ್ಧರಾಗಿರಬೇಕು. ಮಧ್ಯಾಹ್ನದ ಗಾಳಿ ಎದ್ದಿತೆಂದರೆ ಸರೋವರವೆಲ್ಲ ಅಲೆಯಾಗುತ್ತದೆ. ನಾಯಕಿಯ ಸೆರಗಿಗೆ ಆ ಗಾಳಿ ಒಳ್ಳೆಯದು. ಆಕೆಯ ಮೈಗೆ ಒಳ್ಳೆಯದಲ್ಲ. ಉಣ್ಣೆಯ ಕೋಟು ತೊಟ್ಟ ನಿರ್ದೇಶಕ ‘ಇನ್ನೊಮ್ಮೆ’ ಎನ್ನುವ ಮುನ್ನ ತೆಳುಸೀರೆಯಲ್ಲಿ ನಿಂತವಳನ್ನು ಒಮ್ಮೆ ನೋಡುವುದು ಮರ್ಯಾದೆ.

ಅಡುಗೆಯ ಮನೆಯವರಿಗೆ ಬೇಗ ಅರ್ಥವಾಗುವ ಸಂಗತಿಯೊಂದಿದೆ. ಸರೋವರದ ದಡದಲ್ಲಿ ನೀರು ೮೬ ಡಿಗ್ರಿಯ ಸುಮಾರಿಗೇ ಕುದಿದುಬಿಡುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆಯನ್ನು ಎಷ್ಟು ಹೊತ್ತು ಕುದಿಸಿದರೂ ಅದು ನೆಟ್ಟಗೆ ಬೇಯದು. ಎಂಬತ್ತು ಜನರ ತಂಡಕ್ಕೆ ಕುಕ್ಕರುಗಳನ್ನು ಮರೆತು ಹೋದ ವ್ಯವಸ್ಥಾಪಕ ಎರಡನೆಯ ದಿನಕ್ಕೆ ಎಲ್ಲರ ಬಾಯಲ್ಲಿಯೂ ಸಿಕ್ಕಿರುತ್ತಾನೆ.

ಇವೆಲ್ಲಕ್ಕೂ ಮೊದಲು ಒಪ್ಪಿಗೆ ಪತ್ರಗಳಾಗಬೇಕು. ಸರೋವರ ಗಡಿಯ ಮೇಲಿದೆ. ೨೦೨೦ರಲ್ಲಿ ಭಾರತ ಮತ್ತು ಚೀನದ ಸೈನ್ಯಗಳು ಅದರ ದಡಗಳಲ್ಲಿಯೇ ಎದುರುಬದುರಾಗಿ ನಿಂತು, ೨೦೨೧ರ ಫೆಬ್ರವರಿಯಲ್ಲಿ ಹಿಂದಕ್ಕೆ ಸರಿದುವು. ಅಂಥ ನೆಲದಲ್ಲಿ ಡ್ರೋನನ್ನು ಹೇಳದೆ ಕೇಳದೆ ಹಾರಿಸುವುದು ಹುಡುಗಾಟವಲ್ಲ. ಈ ಪ್ರಸ್ಥಭೂಮಿ ಹಕ್ಕಿಗಳ ನಾಡೂ ಹೌದು. ಪಟ್ಟೆತಲೆಯ ಬಾತುಗಳು ಈ ಸರೋವರದ ಬಳಿ ಬೇಸಗೆಯಲ್ಲಿ ಮರಿ ಮಾಡುತ್ತವೆ. ಕಪ್ಪುಕೊರಳಿನ ಕೊಕ್ಕರೆಗಳು ಚಾಂಗ್‌ತಾಂಗಿನ ಜೌಗುನೆಲಗಳಲ್ಲಿ ಗೂಡು ಕಟ್ಟುತ್ತವೆ. ಚಿತ್ರಕ್ಕೆ ಅನುಕೂಲವಾದ ಕಾಲವೂ ಅವುಗಳ ಬಾಣಂತನದ ಕಾಲವೂ ಒಂದೇ.

ಚಿತ್ರ ಮುಗಿದ ಮೇಲೂ ಅದರ ಗುರುತು ನೆಲದಲ್ಲಿ ಉಳಿಯುತ್ತದೆ. ‘ತ್ರೀ ಈಡಿಯಟ್ಸ್’ನಲ್ಲಿ ಕಾಣಿಸಿಕೊಂಡಂಥ ಹಳದಿ ಸ್ಕೂಟರುಗಳನ್ನು ದಡದಲ್ಲಿ ನಿಲ್ಲಿಸಿ, ಅವುಗಳ ಮೇಲೆ ಪ್ರವಾಸಿಗಳನ್ನು ಕೂರಿಸಿ ಚಿತ್ರ ತೆಗೆಯುವ ವ್ಯಾಪಾರ ಹುಟ್ಟಿಕೊಂಡಿತು. ಹಲವು ಮನೆಗಳಿಗೆ ಅದರಿಂದ ಅನ್ನ ದೊರೆಯಿತು, ಅದನ್ನು ಹಳಿಯುವಂತಿಲ್ಲ. ಆದರೆ ಅದೇ ಚಿತ್ರದಲ್ಲಿ ತೋರಿಸಿದ ಶೇ ಗ್ರಾಮದ ಶಾಲೆಗೆ ಜನ ನುಗ್ಗಿ ಬರತೊಡಗಿದಾಗ ಮಕ್ಕಳ ಪಾಠಕ್ಕೆ ಅಡ್ಡಿಯಾಯಿತು. ಪ್ರಸಿದ್ಧವಾದ ಆ ಗೋಡೆಯನ್ನೇ ಇಲ್ಲವಾಗಿಸಲು ಶಾಲೆಯವರು ೨೦೧೮ರಲ್ಲಿ ನಿಶ್ಚಯಿಸಬೇಕಾಯಿತು. ಹೀಗಿರುವಾಗ ತಂದುದನ್ನೆಲ್ಲ ಮರಳಿ ಒಯ್ಯುವ ಲಾರಿಯ ಬಾಡಿಗೆಯನ್ನೂ, ಕಸ ಹೆಕ್ಕುವವರ ಕೂಲಿಯನ್ನೂ ಮೊದಲ ದಿನದ ಲೆಕ್ಕದಲ್ಲಿಯೇ ಬರೆದಿಡುವ ವ್ಯವಸ್ಥಾಪಕ ಊರಿನವರ ಸ್ನೇಹವನ್ನು ಉಳಿಸಿಕೊಳ್ಳುತ್ತಾನೆ. ಅಲ್ಲಿನ ಚಾಲಕರು ಆಕಾಶದ ಅಂಚಿನ ಒಂದು ಮೋಡವನ್ನು ನೋಡಿ ‘ಇಂದು ಚಾಂಗ್ ಲಾ ಬೇಡ’ ಎಂದರೆ ಆ ಮಾತನ್ನು ಹವಾಮಾನ ವರದಿಯಷ್ಟೇ ಗೌರವದಿಂದ ಕೇಳುವವನು ತಂಡವನ್ನೂ ಉಳಿಸಿಕೊಳ್ಳುತ್ತಾನೆ.

ಒಂದು ಹಗಲು ಕೆಟ್ಟರೆ ಲಕ್ಷಗಟ್ಟಲೆ ಹಣ ನಷ್ಟವಾದೀತು. ದೂರದ ಕಚೇರಿಯಿಂದ ಕೇಳುವವರ ದನಿ ಗಡುಸಾಗಿಯೇ ಇರುತ್ತದೆ. ಆದರೂ ಯಾವ ಗಳಿಗೆಯಲ್ಲಿ ಕೆಲಸ ನಿಲ್ಲಿಸಬೇಕು, ಅದನ್ನು ಹೇಳುವ ಅಧಿಕಾರ ಯಾರದು ಎಂಬುದನ್ನು ಬಯಲಿನಲ್ಲಿರುವಾಗಲೇ ಗೊತ್ತುಮಾಡಿ, ವೈದ್ಯನ ಮಾತು ನಿರ್ದೇಶಕನ ಮಾತಿಗಿಂತ ಮೇಲೆಂದು ಬರೆದಿಡಬೇಕು. ಮೇಲೆ ಹೋದ ಬಳಿಕ, ಗಾಳಿ ತೆಳುವಾದಲ್ಲಿ, ಮನುಷ್ಯನ ವಿವೇಕವೂ ತೆಳುವಾಗುತ್ತದೆ.

ಲೇಹ್ ಪಟ್ಟಣದ ದೊಡ್ಡ ಆಸ್ಪತ್ರೆಗೆ ಸೋನಮ್ ನೊರ್ಬು ಅವರ ಹೆಸರನ್ನೇ ಇಟ್ಟಿದ್ದಾರೆ. ಮೊದಲ ವಿಮಾನಕ್ಕೆ ನೆಲ ಸಮಮಾಡಿಕೊಟ್ಟವರ ಹೆಸರಿನ ಮನೆಗೆ, ಚಾಂಗ್ ಲಾ ದಾಟಿ ಬಂದ ಮೋಟಾರೊಂದು ಬೆಳಗಿನ ಜಾವದಲ್ಲಿ ದೀಪ ಹುಡುಗನೊಬ್ಬನನ್ನು ತಂದು ಇಳಿಸುತ್ತದೆ. ಸಂಜೆಯ ಹೊತ್ತಿಗೆ ಅವನ ಉಸಿರು ತಿಳಿಯಾಗುತ್ತದೆ. ಅಂದು ಸರೋವರದ ದಡದಲ್ಲಿ ಕೆಲಸ ನಡೆದಿರುವುದಿಲ್ಲ. ಹಾಡಿನ ಒಂದು ಚರಣ ಉಳಿದುಹೋಗಿರುತ್ತದೆ. ತಿಂಗಳುಗಳ ಮೇಲೆ ತನ್ನೂರಿನ ಚಿತ್ರಮಂದಿರದಲ್ಲಿ ಆ ಹುಡುಗ ತಾಯಿಯ ಪಕ್ಕದಲ್ಲಿ ಕುಳಿತು, ‘ಅಮ್ಮಾ, ಆ ದೀಪ ಹಿಡಿದವನು ನಾನೇ’ ಎನ್ನುತ್ತಾನೆ. ತೆರೆಯ ಮೇಲೆ ದೀಪವಾಗಲಿ ಹುಡುಗನಾಗಲಿ ಆಕೆಗೆ ಕಾಣುವುದಿಲ್ಲ. ಆದರೂ ಆಕೆ ಕಣ್ಣರಳಿಸಿ ನೋಡುತ್ತಾಳೆ.