ಹಸಿವಿಗೊಂದು ಪೀಠಿಕೆ

ಇಳಿಹೊತ್ತಿನಲ್ಲಿ ಕೆಲಸ ಮುಗಿಸಿ ಬಂದವರು ರಾತ್ರಿಯ ಊಟಕ್ಕೆ ಕುಳಿತುಕೊಳ್ಳುವ ಮುನ್ನ, ನಾಲ್ಕು ಜನ ಆಪ್ತರೊಡನೆ ಕಲೆತು, ಕಹಿಯಾದ ಪಾನೀಯವನ್ನು ಮೆಲ್ಲಮೆಲ್ಲನೆ ಗುಟುಕರಿಸುತ್ತ ಹಸಿವನ್ನು ಎಚ್ಚರಿಸಿಕೊಳ್ಳುವ ಪದ್ಧತಿಯೊಂದು ಇಟಲಿ ದೇಶದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಅಪೆರಿಟಿವೊ ಎಂದು ಅದರ ಹೆಸರು. ದಣಿದ ದೇಹವನ್ನು ನೇರವಾಗಿ ಎಲೆಯ ಮುಂದೆ ತಂದು ಕೂರಿಸದೆ, ದುಡಿಮೆಗೂ ಭೋಜನಕ್ಕೂ ನಡುವೆ ಒಂದು ಮುಹೂರ್ತದ ವಿರಾಮವನ್ನು ಕಲ್ಪಿಸಿದ ಆ ಜನರ ರಸಿಕತೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಟ್ಯೂರಿನ್ ನಗರದಲ್ಲಿ ಅಂತೋನಿಯೊ ಬೆನೆದೆತ್ತೊ ಕಾರ್ಪಾನೊ ಎಂಬಾತನು 1786ರಲ್ಲಿ ದ್ರಾಕ್ಷಾಸವಕ್ಕೆ ಕಹಿಮೂಲಿಕೆಗಳನ್ನೂ ಸಂಬಾರಗಳನ್ನೂ ಕೂಡಿಸಿ ವರ್ಮುತ್ ಎಂಬ ಪಾನೀಯವನ್ನು ಮಾರಾಟಕ್ಕೆ ತಂದನು. ಅದರ ಪ್ರಧಾನ ಮೂಲಿಕೆ, ನಾವು ದೇವರ ಪೂಜೆಗೆ ಏರಿಸುವ ಮಾಚಿಪತ್ರೆ ಮತ್ತು ದವನಗಳ ಕುಲಕ್ಕೇ ಸೇರಿದ್ದು. 1860ರಲ್ಲಿ ನೊವಾರದ ಗಾಸ್ಪಾರೆ ಕಾಂಪಾರಿಯು ಕಡುಕೆಂಪು ಬಣ್ಣದ ಕಹಿಯೊಂದನ್ನು ಸಿದ್ಧಪಡಿಸಿದನು. ಸೋಡಾ ಬೆರೆಸಿ, ಕಿತ್ತಳೆಯ ಹೋಳೊಂದನ್ನು ತೇಲಿಸಿ ಕುಡಿಯುವ ವಾಡಿಕೆ ಇಂದಿಗೂ ಉಳಿದಿದೆ. ಪಾದುವಾದಲ್ಲಿ 1919ರಲ್ಲಿ ಹುಟ್ಟಿದ ಅಪೆರೋಲ್ ಇದಕ್ಕಿಂತ ಸೌಮ್ಯ. ಅದರ ಎರಡು ಪಾಲಿಗೆ ನೊರೆಯೇಳುವ ಬಿಳಿ ವೈನು ಮೂರು ಪಾಲು, ಸೋಡಾ ಒಂದು ಪಾಲು ಸೇರಿದರೆ ಸ್ಪ್ರಿಟ್ಜ್ ಎನಿಸುತ್ತದೆ. ಜೊತೆಗೆ ಉಪ್ಪು ಹಚ್ಚಿದ ಆಲಿವ್ ಕಾಯಿಯೋ ಹುರಿದ ಬೀಜಗಳೋ ಇರುತ್ತವೆ. ಕಹಿಯು ನಾಲಗೆಗೆ ತಗುಲಿದೊಡನೆ ಬಾಯಲ್ಲಿ ನೀರೂರುತ್ತದೆ, ಜಠರವೂ ತನ್ನ ರಸಗಳನ್ನು ಸ್ರವಿಸಲು ಅಣಿಯಾಗುತ್ತದೆ. ಈ ಸಂಪ್ರದಾಯದ ತಿರುಳೆಲ್ಲ ಅಷ್ಟರಲ್ಲಿದೆ.

ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿಯಲ್ಲಿರುವ ದೊಡ್ಡಆಲಹಳ್ಳಿಯಂಥ ಊರಿನಲ್ಲಿ, ರಾಗಿಯ ಹೊಲ ಹಿಪ್ಪುನೇರಳೆಯ ತೋಟಗಳ ನಡುವೆ, ಇದಕ್ಕೆ ಸಮನಾದುದೇನಿದೆಯೆಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಮಜ್ಜಿಗೆಯನ್ನು. ಬಿಸಿಲಿನಿಂದ ಬಂದು ಜಗಲಿಯ ಮೇಲೆ ಕುಳಿತವನಿಗೆ ಮನೆಯ ಹಿರಿಯ ಹೆಂಗಸು, “ಮೊದ್ಲು ಒಂದ್ ಲೋಟ ಮಜ್ಗೆ ಕುಡಿಯಪ್ಪ, ಆಮ್ಯಾಕೆ ಹಿಟ್ಟು ಇಕ್ತೀನಿ” ಎನ್ನುತ್ತಾಳೆ. ಕಡೆದು ಬೆಣ್ಣೆ ತೆಗೆದ ತೆಳುಮಜ್ಜಿಗೆಗೆ ಒರಳಿನಲ್ಲಿ ಜಜ್ಜಿದ ಹಸಿಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಒಂದು ಚಿಟಿಕೆ ಇಂಗು, ಉಪ್ಪು ಬಿದ್ದು ಅದು ಗಂಟಲಿನಿಂದಿಳಿಯುವಾಗ ಮೊದಲು ತಂಪು, ಅದರ ಬೆನ್ನಿಗೇ ಸಣ್ಣ ಉರಿ. ಒಲೆಯ ಮೇಲೆ ಮುದ್ದೆ ತೊಳಸುವ ಸದ್ದು ಕಿವಿಗೆ ಬೀಳುವ ವೇಳೆಗೆ ಹಸಿವು ಇಮ್ಮಡಿಯಾಗಿರುತ್ತದೆ. ಊಟಕ್ಕೆ ಮೊದಲು ಶುಂಠಿಯ ಚೂರನ್ನು ಉಪ್ಪಿನೊಡನೆ ತಿನ್ನಬೇಕೆಂಬ ಆಯುರ್ವೇದದ ವಿಧಿ ಆ ಲೋಟದೊಳಗೆ ತಾನಾಗಿಯೇ ಪಾಲನೆಯಾಗಿಬಿಡುತ್ತದೆ.

ಶ್ರೀರಾಮನವಮಿಯ ಪಾನಕ ಕೋಸಂಬರಿಗಳ ವಿಷಯವನ್ನು ಕನ್ನಡಿಗರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಬೆಲ್ಲದ ನೀರಿಗೆ ಮೆಣಸು, ಏಲಕ್ಕಿ, ನಿಂಬೆಯ ರಸ. ಪಕ್ಕದಲ್ಲಿ ದೊನ್ನೆಯ ತುಂಬ ನೆನೆದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ. ದ್ರವವೊಂದು, ಉಪ್ಪುಪ್ಪಾದ ತಿನಿಸೊಂದು, ಸುತ್ತ ನಿಂತ ಊರಿನ ಜನ: ಟ್ಯೂರಿನ್ನಿನ ಸಂಜೆಯ ಸಾಮಗ್ರಿಯೆಲ್ಲ ಇಲ್ಲಿಯೂ ಇದೆ.

ಆದರೂ ಒಂದು ಕೊರತೆಯನ್ನು ಒಪ್ಪಿಕೊಳ್ಳಬೇಕು. ನಮ್ಮ ಈ ಪಾನೀಯಗಳಲ್ಲಿ ಹುಳಿಯಿದೆ, ಸಿಹಿಯಿದೆ, ಖಾರವಿದೆ, ಕಹಿಯೊಂದಿಲ್ಲ. ಯುಗಾದಿಯಂದು ಬೇವನ್ನು ಶಾಸ್ತ್ರಕ್ಕೆ ಬಾಯಿಗಿಟ್ಟುಕೊಂಡು, ವರ್ಷದ ಉಳಿದ ದಿನಗಳಲ್ಲಿ ಕಹಿಯನ್ನು ಹಾಗಲಕಾಯಿಯ ಪಲ್ಯಕ್ಕೆ ಒಪ್ಪಿಸಿಬಿಡುತ್ತೇವೆ. 1910ರ ದಶಕದಲ್ಲಿ ಮೈಸೂರು ಸರಕಾರವು ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನು ಕರೆಸಿಕೊಂಡು ರೇಷ್ಮೆಯ ಕಸುಬಿಗೆ ಹೊಸ ಶಿಕ್ಷಣ ಕೊಡಿಸಿತು. ಆ ದೇಶದಿಂದ ರೇಷ್ಮೆಯ ವಿದ್ಯೆಯನ್ನು ಸ್ವೀಕರಿಸಿದ ನಾಡು ಕಹಿಯ ವಿದ್ಯೆಯನ್ನೂ ಸ್ವೀಕರಿಸಲು ಸಂಕೋಚಪಡಬೇಕಾದ ಕಾರಣವಿಲ್ಲ. ಅದಕ್ಕಾಗಿ ಮದ್ಯವನ್ನೇ ಆಶ್ರಯಿಸಬೇಕೆಂದೇನೂ ಇಲ್ಲ. ಲಿಗೂರಿಯಾದ ಸವೋನದ ಕಡೆ ಬೆಳೆಯುವ ಕಿನೊಟ್ಟೊ ಎಂಬ ಸಣ್ಣ ಕಹಿಕಿತ್ತಳೆಯಿಂದ ಅಮಲಿಲ್ಲದ ಪಾನೀಯವನ್ನು ಇಟಲಿಯವರೇ ಮಾಡುತ್ತಾರೆ.

ನಮಗೆ ಹೇರಳೆಕಾಯಿ ಇದೆ. ಚಿತ್ರಾನ್ನಕ್ಕೂ ಉಪ್ಪಿನಕಾಯಿಗೂ ಒದಗುವ ಆ ಕಾಯಿಯ ಹೊರಸಿಪ್ಪೆಯನ್ನು, ಒಳಗಿನ ಬಿಳಿಯ ಭಾಗ ತಾಗದಂತೆ ತೆಳ್ಳಗೆ ಹೆರೆದು, ಕುದಿದಿಳಿದ ನೀರಿನಲ್ಲಿ ಹಾಕಿ ಮುಚ್ಚಿಡಬೇಕು. ನೀರು ತಣಿದ ಮೇಲೆ ಸೋಸಿ, ಕಾಯಿಯ ರಸವನ್ನು ಹಿಂಡಿ, ಕಹಿಯನ್ನು ಮರೆಸದಷ್ಟು ಮಾತ್ರ ಬೆಲ್ಲದ ಪಾಕ, ಎರಡು ಕಾಳು ಮೆಣಸಿನ ಪುಡಿ, ಒಂದು ಹರಳು ಉಪ್ಪು ಸೇರಿಸಬೇಕು. ಕಡೆಯಲ್ಲಿ ದವನದ ಒಂದು ಕುಡಿಯನ್ನು ಅದರಲ್ಲಿ ಕ್ಷಣಕಾಲ ಅದ್ದಿ ತೆಗೆದರೆ, ವರ್ಮುತ್ತಿನ ಬಂಧುವೊಂದು ನಮ್ಮ ಹೂವಿನ ಬುಟ್ಟಿಯಿಂದಲೇ ಬಂದಂತಾಗುತ್ತದೆ. ಮಡಕೆಯ ತಣ್ಣೀರು ಬೆರೆಸಿ, ಹುರಿದ ಕಡಲೆಕಾಯಿಬೀಜದೊಡನೆ ಕೊಡಬಹುದು. ಮೊದಲ ಗುಟುಕಿಗೆ ಮುಖ ಕಿವುಚಿದವರು ಮೂರನೆಯ ಗುಟುಕಿಗೆ ಅಡುಗೆಮನೆಯ ಕಡೆ ನೋಡತೊಡಗುತ್ತಾರೆ.

ಲೋಟ ಮಾತ್ರ ಚಿಕ್ಕದಿರಬೇಕು. ಐದಾರು ಗುಟುಕಿಗೆ ಮುಗಿಯಬೇಕು. ಎಷ್ಟೇ ಬಲವಂತ ಮಾಡಿದರೂ ಎರಡನೆಯದನ್ನು ಬಡಿಸಕೂಡದು, ಏಕೆಂದರೆ ಉಪ್ಸಾರಿನ ಖಾರ ಅರೆದು ಕಾದಿರುವವರ ಶ್ರಮಕ್ಕೆ ಸಲ್ಲಬೇಕಾದ ಹಸಿವನ್ನು ನೀರಿನಿಂದ ತುಂಬಿಸುವುದು ಅನ್ಯಾಯ.