ನಮ್ಮ ಮನೆಯ ಹಸಿರು ಕರೆಂಟು

ಮುಂಬೈಗೆ ಬಂದು ಮೂವತ್ತೊಂದು ವರ್ಷ, ಅದರಲ್ಲಿ ಇಪ್ಪತ್ತು ಚೆಂಬೂರಲ್ಲೇ. ಇಲ್ಲಿ ಕರೆಂಟಿಗೂ ಆಯ್ಕೆ ಇದೆ ನೋಡಿ. 2021ರಲ್ಲಿ ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ, ಯೂನಿಟ್ಟಿಗೆ 66 ಪೈಸೆ ಹೆಚ್ಚು ಕೊಟ್ಟರೆ ಪೂರ್ತಿ ಹಸಿರು ವಿದ್ಯುತ್ತು ಪಡೆಯಬಹುದು ಅಂತ ಮಾಡಿತು. ನಮ್ಮ 250 ಯೂನಿಟ್ಟಿಗೆ ಆಗ 165 ರೂಪಾಯಿ. ಎರಡು ಮಸಾಲೆ ದೋಸೆ ದುಡ್ಡು... ಸೇರಿಬಿಟ್ಟೆ.

ಫೋನಲ್ಲಿ ಅಕ್ಕನಿಗೆ ಹೇಳಿದರೆ, "ನಿಮ್ಮನಿಗೆ ಬ್ಯಾರೆ ವಾಯರ್ ಎಳದಾರೇನೋ ತಮ್ಮಾ?" ಅಂದಳು.

ಎಳೆದಿಲ್ಲ. ಹತ್ತು ಹಳ್ಳದ ನೀರು ಒಂದೇ ಕೆರೆಗೆ ಬಿದ್ದ ಹಾಗೆ ಎಲ್ಲಾ ಕರೆಂಟೂ ಒಂದೇ ಗ್ರಿಡ್ಡಿಗೆ ಬೀಳುತ್ತದೆ. ನಾನು ಬಳಸಿದಷ್ಟನ್ನು ಕಂಪನಿಯವರು ಬಿಸಿಲು, ಗಾಳಿಯಂಥ ಮೂಲದಿಂದ ಕೊಳ್ಳಬೇಕು, ಅಷ್ಟೇ ಲೆಕ್ಕ. ಅದರಿಂದ ಎಲ್ಲಿಯ ಕಲ್ಲಿದ್ದಲು ಉಳಿಯಿತೋ, ಯಾರ ಊರಿನ ಹೊಗೆ ತಗ್ಗಿತೋ, ಬಿಲ್ಲಿನಲ್ಲಿ ಬರೆಯುವುದಿಲ್ಲ.

ಅಕ್ಕನ ಪ್ರಶ್ನೆ ತಮಾಷೆಯದಲ್ಲ. ಅವಳಿರುವುದು ಉತ್ತರ ಕರ್ನಾಟಕದ ಒಂದು ಉಷ್ಣ ಸ್ಥಾವರದ ಚಿಮಣಿ ಕಾಣುವ ಊರಲ್ಲಿ (ಹೆಸರು ಬೇಡ ಬಿಡಿ). ಸಂಡಿಗೆ ಒಣಹಾಕಿದರೆ ಮೇಲೆ ಹಳೇ ಸೀರೆ ಮುಚ್ಚಬೇಕು, ಇಲ್ಲದಿದ್ದರೆ ಬೂದಿ. ಭಾವನಿಗೆ ಎರಡು ವರ್ಷದಿಂದ ಇನ್‌ಹೇಲರ್. ಹೊಗೆಯಿಂದಲೇ ಅಂತ ಡಾಕ್ಟರು ಹೇಳಿಲ್ಲ, ಅಲ್ಲ ಅಂತಲೂ ಹೇಳಿಲ್ಲ.

ನಮ್ಮ ಪಕ್ಕದ ಟ್ರಾಂಬೆಯಲ್ಲೂ ಕಲ್ಲಿದ್ದಲು ಸುಡುತ್ತಾರೆ. ಆದರೆ ಅಲ್ಲಿ ಸಮುದ್ರದ ನೀರಿನಿಂದ ಹೊಗೆಯ ಗಂಧಕ ತೊಳೆಯುವ ಏರ್ಪಾಟು ಎಂಬತ್ತರ ದಶಕದಲ್ಲೇ ಬಂತು. ದೇಶದ ಎಲ್ಲಾ ಸ್ಥಾವರಗಳೂ ಗಂಧಕ ತಗ್ಗಿಸಬೇಕು ಅಂತ ನಿಯಮ ಬಂದದ್ದು 2015ರ ಡಿಸೆಂಬರಿನಲ್ಲಿ. ಗಡುವು ಮುಂದೆ ಹೋಗುತ್ತಾ ಹೋಗುತ್ತಾ, 2025ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ಕಿತು. ದೆಹಲಿ ಸುತ್ತಿನ, ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ 10 ಕಿಲೋಮೀಟರ್ ಒಳಗಿನ ಸ್ಥಾವರಗಳಿಗೆ ಮಾತ್ರ ಕಡ್ಡಾಯ ಉಳಿಯಿತು. ಇನ್ನು ಕೆಲವನ್ನು ಒಂದೊಂದಾಗಿ ನೋಡಿ ತೀರ್ಮಾನಿಸುತ್ತಾರಂತೆ. ಉಸಿರಿಗೂ ಜನಗಣತಿ! ನನಗಂತೂ ಇದು ನ್ಯಾಯ ಅನ್ನಿಸಿಲ್ಲ. ಆ ಗಂಧಕ ಗಾಳಿಯಲ್ಲೇ ಸಣ್ಣ ಕಣವಾಗಿ ನೂರಾರು ಕಿಲೋಮೀಟರ್ ಹೋಗುತ್ತದೆ, ಪಟ್ಟಿ ನೋಡಿ ನಿಲ್ಲುವುದಿಲ್ಲ.

ಮುಂಬೈಗೆ ಇನ್ನೊಂದು ಅದೃಷ್ಟ ಅಂದರೆ ಮಧ್ಯಾಹ್ನದ ಕಡಲ ಗಾಳಿ. ದೆಹಲಿಗೆ ಅದಿಲ್ಲ, 2018ರಲ್ಲಿ ಬದರ್‌ಪುರ ಸ್ಥಾವರ ಮುಚ್ಚಿದ ಮೇಲೂ ಅಲ್ಲಿನ ಚಳಿಗಾಲ ಸರಿಹೋಗಲಿಲ್ಲ. ಇಲ್ಲೂ ಚಳಿಗಾಲದಲ್ಲಿ ಗಾಳಿ ಸೋತರೆ ಕಟ್ಟಡದ ಧೂಳು, ವಾಹನದ ಹೊಗೆ ಎಲ್ಲಾ ನಮ್ಮ ಮೇಲೇ.

ಹಸಿರು ಕರೆಂಟು ಬಿಡುವುದಿಲ್ಲ. ಅಕ್ಕ-ಭಾವ ದೀಪಾವಳಿಗೆ ಬರುತ್ತೇವೆ ಅಂದಿದ್ದರು. ಬೇಡ, ಪಂಚಮಿಗೇ ಬನ್ನಿ, ಮಳೆ ಗಾಳಿ ತೊಳೆದಿರುತ್ತದೆ, ಒಂದು ತಿಂಗಳು ಇದ್ದು ಹೋಗಿ ಅಂದಿದ್ದೇನೆ.