ಕೆಂಬಾಳೆಯ ಸಿಪ್ಪೆ, ಫೈಟರ್ ಮರಿ

ಮೊಟ್ಟೆಯೊಡೆದ ಫೈಟರ್ ಮೀನಿನ ಮರಿ ರೆಪ್ಪೆಗೂದಲಿನ ಚೂರಿನಷ್ಟಿರುತ್ತದೆ. ಗಂಡು ಕಟ್ಟಿದ ನೊರೆಗೂಡಿನ ಕೆಳಗೆ ಎರಡು ಮೂರು ದಿನ ಬಾಲ ಇಳಿಬಿಟ್ಟು ನೇತಾಡಿ, ಹೊಟ್ಟೆಗಂಟಿದ ಭಂಡಾರ ಕರಗಿದ ಮೇಲೆ ಅಡ್ಡಲಾಗಿ ಈಜತೊಡಗುತ್ತದೆ. ಅಲ್ಲಿಂದ ಅದಕ್ಕೆ ಹಸಿವು. ಅಂಗಡಿಯ ಪುಡಿ ಅದರ ಬಾಯಿಗೆ ಹಿಡಿಸುವುದಿಲ್ಲ. ಕಣ್ಣಿಗೆ ಕಂಡೂ ಕಾಣದ ಜೀವಿಗಳು, ಇನ್‌ಫ್ಯುಸೋರಿಯಾ, ಬೇಕು. ಅವನ್ನು ನನಗೆ ಒದಗಿಸುವುದು ಕಮಲಾಪುರ.

ಕಲಬುರಗಿ–ಹುಮನಾಬಾದ್ ರಸ್ತೆಯ ಕಮಲಾಪುರದ ಕೆಂಬಾಳೆ ಜಿಐ ಮಾನ್ಯತೆ ಪಡೆದ ಹಣ್ಣು. ಅಲ್ಲಿ ಸೋದರತ್ತೆಯ ಹಿತ್ತಲಲ್ಲಿ ಔಷಧ ಹೊಡೆಯದ ಗಿಡಗಳಿವೆ. ಮೊದಲ ಸಲ ಕೇಳಿದಾಗ ಅತ್ತೆ, "ಹಣ್ಣ ಬಿಟ್ಟು ಸಿಪ್ಪಿ ಯಾಕ ಬೇಕೋ ತಮ್ಮಾ?" ಎಂದಿದ್ದಳು. ಈಗ ತಾನೇ ಸಿಪ್ಪೆ ತೆಗೆದಿಡುತ್ತಾಳೆ.

ತೊಟ್ಟಿಯ ಹಳೆಯ ನೀರು ತುಂಬಿದ ಗಾಜಿನ ಭರಣಿಗೆ ಒಂದು ತುಂಡು ಸಿಪ್ಪೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಲ್ಲಿ ಇಡುತ್ತೇನೆ. ಮೊದಲು ನೀರು ಹಾಲಿನ ಬಣ್ಣಕ್ಕೆ ತಿರುಗಿ ನಾರುತ್ತದೆ. ಅದು ಬ್ಯಾಕ್ಟೀರಿಯಾಗಳ ಸುಗ್ಗಿ. ನಾಲ್ಕೈದು ದಿನಕ್ಕೆ ವಾಸನೆ ಇಳಿದು, ನೀರು ತಿಳಿಯಾಗಿ, ನಸುಹಳದಿಯಾಗುತ್ತದೆ: ಬ್ಯಾಕ್ಟೀರಿಯಾ ತಿಂದು ಇನ್‌ಫ್ಯುಸೋರಿಯಾ ಹೆಚ್ಚಿವೆ ಎಂದರ್ಥ. ಭರಣಿಯನ್ನು ಬೆಳಕಿಗೆ ಹಿಡಿದರೆ ಬಿಳಿ ಚುಕ್ಕೆಗಳು ತಾವಾಗಿಯೇ ಅಲೆಯುತ್ತಿರುತ್ತವೆ. ಆ ಹೊತ್ತಿನಲ್ಲಿ ನನಗಾಗುವ ಹಿಗ್ಗು, ಮರಿ ಹುಟ್ಟಿದಾಗಿನದಕ್ಕಿಂತ ಒಂದು ಗುಂಜಿಯೂ ಕಡಿಮೆಯಲ್ಲ.

ಆದರೆ ಇದನ್ನು ಹನಿ ಹನಿಯಾಗಿಯೇ ಬಿಡಬೇಕು. ತಿನ್ನದೆ ಉಳಿದದ್ದು ಕೊಳೆತು ಅಮೋನಿಯಾ ಆಗುತ್ತದೆ; ನಮ್ಮೂರಿನಲ್ಲಿ ಅಮೋನಿಯಾ ಇನ್ನಷ್ಟು ಕ್ರೂರ. ಪಿಎಚ್ 7ರ ನೀರಿನಲ್ಲಿ ಅದರ ಶೇ 1ರಷ್ಟೂ ವಿಷರೂಪದಲ್ಲಿರುವುದಿಲ್ಲ. ಪಿಎಚ್ 8ಕ್ಕೇರಿ ನೀರು 30 ಡಿಗ್ರಿ ಮುಟ್ಟಿತೆಂದರೆ ಆ ಪಾಲು ಶೇ 7 ದಾಟುತ್ತದೆ. ಕಲಬುರಗಿಯ ನಮ್ಮ ಮನೆಯ ಬೋರಿನ ನೀರು ಸೋಪು ನೊರೆ ಬಿಡದಷ್ಟು ಗಡಸು, ಪಿಎಚ್ ಕೂಡ ಮೇಲೆಯೇ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟಿದಾಗ ತೊಟ್ಟಿಯನ್ನು 30ರ ಒಳಗೆ ಇಡುವುದೇ ಒಂದು ಸಾಹಸ. (ಗಪ್ಪಿ, ಮೋಲಿಗಳಿಗೆ ಈ ಗಡಸು ನೀರೇ ಹಿತ. ಹೊಸದಾಗಿ ಮೀನು ಸಾಕುವವರು ಅಲ್ಲಿಂದ ಶುರು ಮಾಡಲಿ ಎಂಬುದು ನನ್ನ ಆಸೆ.)

ಬಿಸಿಲು ಇನ್ನೊಂದು ಆಟವನ್ನೂ ಆಡುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ; ಸುಣ್ಣ ಹಿಂದೆ ಉಳಿಯುತ್ತದೆ. ನೀರು ಕಾಯಿಸುವ ಹಂಡೆಯ ತಳದ ಬಿಳಿ ಪದರವೇ ತೊಟ್ಟಿಯ ಗಾಜಿನ ಮೇಲೂ ಗೆರೆಯಾಗಿ ಕೂರುತ್ತದೆ. ಇಳಿದ ಮಟ್ಟಕ್ಕೆ ಮತ್ತೆ ಬೋರಿನ ನೀರನ್ನೇ ಸುರಿದರೆ ಗಡಸು ದಿನೇ ದಿನೇ ಏರುತ್ತದೆ. ಹಾಗಾಗಿ ಆವಿಯಾದಷ್ಟನ್ನು ಮಳೆನೀರಿನಿಂದ ತುಂಬುತ್ತೇನೆ. ಕೊಳೆ ತೆಗೆದು ನೀರು ಬದಲಿಸುವುದು ಬೇರೆಯೇ ಕೆಲಸ: ಮರಿಗಳಿರುವಾಗ ತೆಳು ನಳಿಕೆಯಿಂದ ತಳದ ಕಸವನ್ನಷ್ಟೇ ಎಳೆದು, ಅದೇ ಬಿಸಿಯ ನೀರನ್ನು ಗಾಜಿಗೆ ತಾಗಿಸಿ ನಿಧಾನಕ್ಕೆ ಇಳಿಸುತ್ತೇನೆ. ಹಾಗೆ ತೆಗೆದ ಹಳೆಯ ನೀರಿನಲ್ಲೇ ಫಿಲ್ಟರಿನ ಸ್ಪಂಜನ್ನು ಹಿಂಡುವುದು. ನಲ್ಲಿಯ ಕ್ಲೋರಿನ್ ತಗುಲಿದರೆ, ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್ ಆಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತುಹೋಗುತ್ತವೆ.

ತೊಟ್ಟಿಯ ಮೇಲೆ ಗಾಜು ಮುಚ್ಚಿಡುತ್ತೇನೆ. ಫೈಟರ್ ಮರಿಗಳಿಗೆ ಕೆಲವು ವಾರಗಳಲ್ಲಿ ಹೊರಗಿನ ಗಾಳಿ ಉಸಿರಾಡುವ ಅಂಗ ಮೂಡುತ್ತದೆ. ನಮ್ಮ ಒಣಗಾಳಿ ಅವಕ್ಕೆ ಆಗಿಬರುವುದಿಲ್ಲ.

ಈ ಬೇಸಿಗೆಯ ಮರಿಗಳು ಈಗ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಮರಿಗಳನ್ನು ತಿನ್ನುವಷ್ಟಾಗಿವೆ, ಹೊಟ್ಟೆಗಳು ಕಿತ್ತಳೆ ಬಣ್ಣಕ್ಕೆ ಉಬ್ಬಿವೆ. ಕೂಡಿಟ್ಟ ಮಳೆನೀರು ಮುಗಿಯುತ್ತ ಬಂದಿದೆ. ಅತ್ತೆಯ ಮನೆಯ ತಗಡಿನ ಕೆಳಗೆ ಡ್ರಮ್ ತೊಳೆದಿಟ್ಟು ಬಂದಿದ್ದೇನೆ. ಮೊದಲ ಮಳೆ ತಗಡಿನ ಧೂಳು ತೊಳೆದು ಹರಿದುಹೋಗಲಿ, ಎರಡನೆಯದರಿಂದ ಹಿಡಿ ಎಂದು ಅತ್ತೆಗೆ ಹೇಳಿದ್ದೇನೆ.